ಕುಳ್ಳರು ಮುಂದೆ, ಎತ್ತರದವರು ಹಿಂದೆ

ಆಗಸ್ಟ್ 6

ಮುಖ್ಯೋಪಾಧ್ಯಾಯಿನಿಯವರ ಸನ್ನಿಧಿಗೆ,

ವಿಷಯ: ನನ್ನನ್ನು ಶಾಲೆಯ ಗೇಟಿನಿಂದಲೇ ವಾಪಸು ಕಳಿಸಿದ ಬಗ್ಗೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರುವುದೇನೆಂದರೆ, ಮೂವತ್ತೊಂದು ವರ್ಷಗಳಿಂದ ಆಗಸ್ಟ್ ತಿಂಗಳ ಮೊದಲ ಸೋಮವಾರ ತಮ್ಮ ಶಾಲೆಯ ಎಲ್ಲ ತರಗತಿಗಳ ಗುಂಪು ಫೋಟೋ ತೆಗೆಯುತ್ತ ಬಂದಿರುವ ನಾನು, ಈ ವರ್ಷವೂ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಕ್ಯಾಮರಾ, ಸ್ಟ್ಯಾಂಡು, ಎರಡು ಬಿಳಿ ಕೊಡೆ, ಹನ್ನೆರಡು ಬಾಚಣಿಗೆ ಮತ್ತು ಒಂದು ಡಬ್ಬ ಪಿನ್ನುಗಳೊಂದಿಗೆ ಹಾಜರಾದೆ. ಕಾವಲುಗಾರ ಅರ್ಧ ಗೇಟು ಮಾತ್ರ ತೆರೆದು, "ಈ ಸಲ ಫೋಟೋ ಇಲ್ವಂತೆ ಸರ್. ಮೇಡಂ ನಿಮಗೆ ಹೇಳಿಲ್ವಾ?" ಎಂದು ಕೇಳಿದ.

ಆ ಹೊತ್ತಿಗೆ ಮಕ್ಕಳನ್ನು ಬಿಡಲು ಬಂದ ಸುಮಾರು ಅರವತ್ತು ಮಂದಿ ಅಲ್ಲಿದ್ದರು. ಅವರಲ್ಲಿ ಅರ್ಧಕ್ಕರ್ಧ ಜನರ ಗಲ್ಲವನ್ನು, ಅವರು ಚಿಕ್ಕವರಿದ್ದಾಗ, ನಾನೇ ಎರಡು ಬೆರಳಿನಿಂದ ಎತ್ತಿ ನೇರ ಮಾಡಿದ್ದೇನೆ. ಅಂಥವರ ಮುಂದೆ ಕೊಡೆ ಮಡಚಿಕೊಂಡು ತಿರುಗಿದೆ. ಒಂದು ಕೊಡೆ ಮಡಚಿಕೊಳ್ಳಲಿಲ್ಲ. ಮಳೆಯೂ ಇಲ್ಲದ ಬಿಸಿಲೂ ಇಲ್ಲದ ದಿನ ಅದನ್ನು ಬಿಚ್ಚಿಯೇ ಹಿಡಿದುಕೊಂಡು ಮೂರು ಬೀದಿ ನಡೆದೆ.

ತಾವು ನನ್ನ ಒಡಹುಟ್ಟಿದ ಅಕ್ಕ ಎಂಬ ಸಂಗತಿಯನ್ನು ಈ ಪತ್ರದಲ್ಲಿ ಎಲ್ಲಿಯೂ ಪ್ರಸ್ತಾಪಿಸಬಾರದೆಂದು ತೀರ್ಮಾನಿಸಿದ್ದೇನೆ. ಹಿಂದಿನ ಸಂಜೆ ತಾವು ನಮ್ಮ ಮನೆಗೆ ಬಂದು, ಟೀ ಕುಡಿದು, ನನ್ನ ಹೆಂಡತಿಯ ಮೊಣಕಾಲು ನೋವು ವಿಚಾರಿಸಿ, ಈ ವಿಷಯದಲ್ಲಿ ತುಟಿ ಪಿಟಕ್ಕೆನ್ನದೆ ಎದ್ದು ಹೋದಿರೆಂಬುದನ್ನೂ ಪ್ರಸ್ತಾಪಿಸುವುದಿಲ್ಲ.

ಲಿಖಿತ ಕಾರಣ ನೀಡಬೇಕಾಗಿ ಕೋರುತ್ತೇನೆ. ಫೋನು ಮಾಡುವುದು ಬೇಡ. ಎತ್ತುವುದಿಲ್ಲ.

ತಮ್ಮ ವಿಶ್ವಾಸಿ,
ಫೋಟೋಗ್ರಾಫರ್


ಆಗಸ್ಟ್ 11

ಫೋಟೋಗ್ರಾಫರ್ ಅವರಿಗೆ,

ಉಲ್ಲೇಖ: ತಮ್ಮ ಪತ್ರ, ಆಗಸ್ಟ್ 6.

ಮಾನ್ಯರೇ,

ಇಂದಿನ ದಿನಗಳಲ್ಲಿ ಪ್ರತಿ ಮನೆಯಲ್ಲೂ ಫೋನುಗಳಿದ್ದು ಮಕ್ಕಳ ಫೋಟೋಗಳಿಗೆ ಕೊರತೆ ಇಲ್ಲವೆಂದೂ, ಗುಂಪು ಫೋಟೋ ಹೆಸರಿನಲ್ಲಿ ಇಡೀ ದಿನ ಪಾಠ ನಿಲ್ಲುವುದು ಸೂಕ್ತವಲ್ಲವೆಂದೂ ಆಡಳಿತ ಸಮಿತಿಯು ಅಭಿಪ್ರಾಯಪಟ್ಟಿದೆ. ಆದ ಕಾರಣ ಪೋಷಕರೇ ತಮ್ಮ ಮಗುವಿನ ಒಂದು ಫೋಟೋ ಕಳಿಸುವುದು, ಚಿತ್ರಕಲಾ ಶಿಕ್ಷಕರು ಅವನ್ನು ಕಂಪ್ಯೂಟರಿನಲ್ಲಿ ಜೋಡಿಸಿ ತರಗತಿವಾರು ಡಿಜಿಟಲ್ ಗುಂಪು ಫೋಟೋ ಸಿದ್ಧಪಡಿಸುವುದು ಎಂದು ತೀರ್ಮಾನವಾಗಿದೆ. ತಮ್ಮ ದೀರ್ಘಕಾಲದ ಸೇವೆಯನ್ನು ಶಾಲೆಯು ಸ್ಮರಿಸುತ್ತದೆ.

ಮುಖ್ಯೋಪಾಧ್ಯಾಯಿನಿ

ಹಾಳೆಯ ಈ ಬದಿಯಲ್ಲಿ ಮುಖ್ಯೋಪಾಧ್ಯಾಯಿನಿ ಇಲ್ಲ, ನಾನಿದ್ದೇನೆ. ನೀನು ಎರಡು ದಿನದಿಂದ ಊಟ ಬಿಟ್ಟಿದ್ದೀಯೆಂದು ನಿನ್ನ ಹೆಂಡತಿ ಹೇಳಿದಳು. ಸ್ಟುಡಿಯೋದ ಡ್ರಾಯರಿನಲ್ಲಿ ಬಿಸ್ಕತ್ತಿನ ನಾಲ್ಕು ಖಾಲಿ ಪೊಟ್ಟಣ ಸಿಕ್ಕವೆಂದೂ ಹೇಳಿದಳು. ಹಾಗಾಗಿ ಗಾಬರಿಯಾಗಲಿಲ್ಲ. ಇನ್ನೊಂದು. ಪತ್ರದ ಕೊನೆಗೆ "ತಮ್ಮ ವಿಶ್ವಾಸಿ" ಎಂದು ಬರೆದಿದ್ದೀ. ಮೊದಲ ಪದದ ಬಳಿಕ ಒಂದು ಅಲ್ಪವಿರಾಮ ಹಾಕಿದ್ದರೆ ಸಾಕಿತ್ತು, ಜಗಳ ಅಲ್ಲಿಗೇ ಮುಗಿಯುತ್ತಿತ್ತು.

ಅಕ್ಕ


ಆಗಸ್ಟ್ 14

ಮುಖ್ಯೋಪಾಧ್ಯಾಯಿನಿಯವರಿಗೆ,

ಕಚೇರಿ ಕಾಗದದ ಹಿಂಬದಿಯಲ್ಲಿ ಮನೆ ಮಾತು ಬರೆಯುವುದು ನಿಯಮಬಾಹಿರ. ಬಿಸ್ಕತ್ತಿನ ವಿಷಯ ನನ್ನ ಮತ್ತು ನನ್ನ ಹೆಂಡತಿಯ ನಡುವಿನದು.

ಕಾರಣ ಓದಿದೆ. ಮನೆ ಮನೆಯಲ್ಲೂ ಫೋನಿದೆ, ಹೌದು. ನನ್ನ ಹೆಂಡತಿಯ ಫೋನಿನಲ್ಲಿ ಏಳು ಸಾವಿರ ಫೋಟೋಗಳಿವೆ. ಅದರಲ್ಲಿ ನಾಲ್ಕು ಸಾವಿರ ಅವಳ ಹೆಬ್ಬೆರಳಿನವು. ಉಳಿದವನ್ನು ತೆಗೆದ ಮೇಲೆ ಅವಳು ಒಮ್ಮೆಯೂ ನೋಡಿಲ್ಲ. ಆದರೆ ನನ್ನ ವಾದ ಅದಲ್ಲ.

ತಾಯಿ ತಂದೆ ಯಾರ ಫೋಟೋ ತೆಗೆಯುತ್ತಾರೆ? ತಮ್ಮ ಮಗುವಿನದು. ಕೇಕು ತಿನ್ನುವಾಗ, ಹಲ್ಲು ಬಿದ್ದಾಗ, ಹೊಸ ಬೂಟು ಹಾಕಿದಾಗ. ಪಕ್ಕದ ಬೆಂಚಿನ ಮಗುವಿನ ಫೋಟೋ ಯಾರು ತೆಗೆಯುತ್ತಾರೆ? ತನಗಾಗದವನ ಭುಜಕ್ಕೆ ಭುಜ ತಾಗಿಸಿ, ಒಂದೇ ಬೆಳಕಿನಲ್ಲಿ, ಒಂದೇ ಕ್ಷಣ ಉಸಿರು ಬಿಗಿಹಿಡಿದು ನಿಲ್ಲುವುದು ವರ್ಷಕ್ಕೊಂದು ಸಲ. ಅಲ್ಲಿ ಚೆನ್ನಾಗಿರುವವರು, ಚೆನ್ನಾಗಿಲ್ಲದವರು ಅಂತಿಲ್ಲ. ಕುಳ್ಳರು ಮುಂದೆ, ಎತ್ತರದವರು ಹಿಂದೆ. ಅಷ್ಟೇ. ಇಷ್ಟು ನ್ಯಾಯವಾದ ಏರ್ಪಾಡು ನಾನು ಇನ್ನೆಲ್ಲೂ ಕಂಡಿಲ್ಲ. ನಾನೇ ಕುಳ್ಳ, ಆದರೂ ಹೇಳುತ್ತಿದ್ದೇನೆ.

ಚಿತ್ರಕಲಾ ಮೇಷ್ಟ್ರು ಕಂಪ್ಯೂಟರಿನಲ್ಲಿ ಜೋಡಿಸಲಿ. ಮಕ್ಕಳು ಒಬ್ಬರ ಪಕ್ಕ ಒಬ್ಬರು ನಿಂತೇ ಇಲ್ಲದಿದ್ದರೂ ನಿಂತಂತೆ ಕಾಣಲಿ. ನನಗೇನು.

ಇನ್ನು ಮುಂದೆ ನಾನು ಪತ್ರ ಬರೆಯುವುದಿಲ್ಲ.

ಫೋಟೋಗ್ರಾಫರ್


ಅಕ್ಟೋಬರ್ 3

ಪ್ರೀತಿಯ ತಮ್ಮನಿಗೆ,

ಏಳು ವಾರವಾಯಿತು. ನೀನು ಬರೆಯುವುದಿಲ್ಲ ಎಂದದ್ದು ಇಷ್ಟು ನಿಷ್ಠೆಯಿಂದ ನಡೆಸಿದ್ದು ಜೀವಮಾನದಲ್ಲಿ ಇದೇ ಮೊದಲು. ಮನೆಗೆ ಬಂದರೆ ನೀನು ಹಿಂದಿನ ಬಾಗಿಲಿಂದ ಸ್ಟುಡಿಯೋಗೆ ಹೋಗುತ್ತೀ. ಅದಕ್ಕೇ ಬರೆಯುತ್ತಿದ್ದೇನೆ. ಈ ಪತ್ರ ಓದುವಾಗ ನೀನು ನಗುತ್ತೀಯೆಂದು ಗೊತ್ತು. ನಗು, ಆದರೆ ಕೊನೆವರೆಗೂ ಓದು.

ಫೋಟೋಗಳು ಬಂದವು. ಒಬ್ಬಳಿಗೆ ಬೆಕ್ಕಿನ ಕಿವಿ ಮತ್ತು ಮೀಸೆ ಇದ್ದವು. ಫೋನೇ ಹಾಕಿದ್ದಂತೆ, ತೆಗೆಯಲು ಬರುವುದಿಲ್ಲವಂತೆ. ಇನ್ನೊಬ್ಬ ಯಾರದೋ ಮದುವೆಯಲ್ಲಿ ನಿಂತಿದ್ದ. ಅವನ ಹೆಗಲ ಮೇಲೆ ಅವನ ಸೋದರಮಾವನ ಕೈ ಇತ್ತು, ಮಾವ ಇರಲಿಲ್ಲ. ಡ್ರಾಯಿಂಗ್ ಮೇಷ್ಟ್ರು ಆ ಕೈಯನ್ನು ಅಳಿಸಲು ಹೋಗಿ ಹುಡುಗನ ಒಂದು ಕಿವಿಯನ್ನೂ ಅಳಿಸಿದರು. ಒಬ್ಬ ಅಪ್ಪ ತನ್ನದೇ ಬಾಲ್ಯದ ಫೋಟೋ ಕಳಿಸಿ, "ಮಗ ಥೇಟ್ ನನ್ನ ಹಾಗೇ ಇದ್ದಾನೆ, ಇದೇ ನಡೆಯುತ್ತೆ" ಎಂದು ಬರೆದಿದ್ದ. ಆ ಫೋಟೋ ನೀನೇ ತೆಗೆದದ್ದು, ನನಗೆ ಗುರುತು ಸಿಕ್ಕಿತು. ಒಬ್ಬ ತಾಯಿ ನಲವತ್ತಮೂರು ಕಳಿಸಿ ನೀವೇ ಆರಿಸಿ ಎಂದಳು. ಆರಿಸಿದೆವು. ಅದನ್ನು ಬಿಟ್ಟು ಬೇರೆ ಯಾವುದಾದರೂ ಆಗಬಹುದಿತ್ತು ಎಂದಳು.

ಇದೆಲ್ಲ ಆದ ಮೇಲೆ ಮೇಷ್ಟ್ರು ಕಂಪ್ಯೂಟರಿಗೆ ಎಲ್ಲರನ್ನೂ ನಗಿಸು ಎಂದು ಹೇಳಿದರಂತೆ. ಅದು ನಗಿಸಿತು. ಮುಂದಿನ ಎರಡು ಹಲ್ಲು ಬಿದ್ದ ಹುಡುಗನಿಗೆ ತುಂಬು ಬಾಯಿ ಹಲ್ಲು ಬಂತು. ಅವನ ಅಜ್ಜಿ ಪ್ರಿಂಟು ಹಿಡಿದುಕೊಂಡು ಆಫೀಸಿಗೆ ಬಂದು, ಈ ಮಗು ಯಾರದ್ದು, ನಮ್ಮದನ್ನು ಎಲ್ಲಿ ಹಾಕಿದಿರಿ ಎಂದು ಕೂತರು. ಲೆಕ್ಕದ ಮೇಷ್ಟ್ರು ಹುಟ್ಟಿದಂದಿನಿಂದ ನಕ್ಕಿರಲಿಲ್ಲ. ಅವರೂ ನಗುತ್ತಿದ್ದಾರೆ. ಮಕ್ಕಳು ಹೆದರಿಕೊಂಡಿದ್ದಾರೆ.

ಇಷ್ಟರವರೆಗೆ ನಗು. ಮುಂದಿನದು ಬೇರೆ.

ಐದನೇ ತರಗತಿಯಲ್ಲಿ ಏಳು ಮಕ್ಕಳ ಫೋಟೋ ಬರಲೇ ಇಲ್ಲ. ಒಬ್ಬರ ಮನೆಯಲ್ಲಿ ಬಟನ್ ಫೋನು. ಒಬ್ಬರ ಮನೆಯಲ್ಲಿ ಕಳಿಸುವ ವ್ಯವಧಾನ ಯಾರಿಗೂ ಇಲ್ಲ. ಅಂಥವರ ಜಾಗದಲ್ಲಿ ಕಂಪ್ಯೂಟರು ಒಂದು ಬೂದು ಬಣ್ಣದ ಬಿಲ್ಲೆ ಹಾಕಿತು. ತಲೆ, ಭುಜ, ಮುಖವಿಲ್ಲ. ಏಳು ಬಿಲ್ಲೆ. ಮೊನ್ನೆ ಊಟದ ಬಿಡುವಿನಲ್ಲಿ ಒಬ್ಬಳು ಬಂದಳು. ನಾವೆಲ್ಲ ಗುಬ್ಬಿ ಅಂತ ಕರೆಯುತ್ತೇವೆ, ಅಷ್ಟು ಚಿಕ್ಕ ಆಳು. ತಾಯಿಗೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ. ಗೋಡೆಗೆ ಹಾಕಿದ ಪ್ರಿಂಟನ್ನು ತುಂಬ ಹೊತ್ತು ನೋಡಿ, "ಟೀಚರ್, ಇದರಲ್ಲಿ ನಾನು ಯಾವ ಬಿಲ್ಲೆ?" ಎಂದು ಕೇಳಿದಳು.

ಅಳಲಿಲ್ಲ, ಗಲಾಟೆ ಮಾಡಲಿಲ್ಲ. ಗೊತ್ತಾಗಲಿ ಎಂದು ಕೇಳಿದಳು, ಅಷ್ಟೇ. ನಾನು ಎರಡನೇ ಸಾಲಿನ ಒಂದು ಬಿಲ್ಲೆ ತೋರಿಸಿದೆ. ಅವಳು ಅದನ್ನೇ ನೋಡುತ್ತ ನಿಂತಳು. ಮೂವತ್ತನಾಲ್ಕು ವರ್ಷದ ನೌಕರಿಯಲ್ಲಿ ನಾನು ಮಕ್ಕಳಿಗೆ ಹೇಳಿದ ಅತಿ ದೊಡ್ಡ ಸುಳ್ಳು ಅದು.

ನಿನ್ನ ಅಕ್ಕ


ಅಕ್ಟೋಬರ್ 9

ಅಕ್ಕನಿಗೆ,

ಮೊದಲ ಅರ್ಧ ಪತ್ರವನ್ನು ಹೆಂಡತಿಗೆ ಗಟ್ಟಿಯಾಗಿ ಓದಿ ಹೇಳಿದೆ. ಮಾವನ ಕೈ ಬಂದ ಕಡೆ ಇಬ್ಬರಿಗೂ ನಗು ತಡೆಯದೆ ಓದು ನಿಲ್ಲಿಸಬೇಕಾಯಿತು. ಲೆಕ್ಕದ ಮೇಷ್ಟ್ರ ನಗುವಿನ ಒಂದು ಪ್ರಿಂಟು ನನಗೆ ಕಳಿಸು.

ಉಳಿದರ್ಧವನ್ನು ಅವಳಿಗೆ ಓದಿ ಹೇಳಲು ಆಗಲಿಲ್ಲ. ಅವಳೇ ಕಸಿದುಕೊಂಡು ಓದಿದಳು. ಓದಿ, "ಇಬ್ಬರಿಗೂ ಕೂದಲು ನೆರೆಯೋ ವಯಸ್ಸು. ನಿಜವಾದ ವಿಷಯ ಒಬ್ಬರೂ ಬಾಯಿ ಬಿಡಲ್ಲ. ನೀವಾದ್ರೂ ಬರೀರಿ" ಎಂದಳು. ಬರೆಯುತ್ತಿದ್ದೇನೆ.

ನೀನು ನನ್ನನ್ನು ಯಾಕೆ ನಿಲ್ಲಿಸಿದೆ ಎಂದು ನನಗೆ ಗೊತ್ತು. ಸಮಿತಿ, ಫೋನು, ಪಾಠ, ಇದೆಲ್ಲ ನನ್ನ ಮರ್ಯಾದೆ ಉಳಿಸಲು ನೀನು ಹೂಡಿದ ನೆಪ. ಕಳೆದ ವರ್ಷದ ಆರನೇ ತರಗತಿಯ ಫೋಟೋ ಮಸುಕಾಗಿತ್ತು. ಅದರ ಹಿಂದಿನ ವರ್ಷದ ಮೂರನೆಯದೂ. ಎರಡು ಕಣ್ಣಿಗೂ ಪೊರೆ ಬಂದಿದೆ, ಬಲಗಣ್ಣಿಗೆ ಜಾಸ್ತಿ. ಮಕ್ಕಳ ಮುಖ ಹಬೆ ಹಿಡಿದ ಕನ್ನಡಿಯಲ್ಲಿ ಕಂಡ ಹಾಗೆ ಕಾಣುತ್ತದೆ. ಯಾರಿಗೂ ಹೇಳಲಿಲ್ಲ. ಅಂದಾಜಿನ ಮೇಲೆ ಗುಂಡಿ ಒತ್ತಿದೆ. ನೀನು ಅದನ್ನು ಗಮನಿಸಿದ್ದೀ, ಆದರೆ ಬಾಯಿ ಬಿಟ್ಟು "ನಿನಗೆ ಕಣ್ಣು ಕಾಣಲ್ಲ, ಸಾಕು ಮಾಡು" ಎನ್ನಲು ಮನಸ್ಸು ಬರಲಿಲ್ಲ. ಅದು ನನಗೆ ಗೇಟಿನಲ್ಲಿ ನಿಂತಾಗಲೇ ಹೊಳೆಯಿತು. ಸಿಟ್ಟು ಬಂದದ್ದು ಅದಕ್ಕೇ.

ಮೂವತ್ತೊಂದು ವರ್ಷ ಮಕ್ಕಳಿಗೆ ಕಣ್ಣು ಮಿಟುಕಿಸಬೇಡಿ ಎಂದು ಗದರಿದವನು ನಾನು.

ತಮ್ಮ


ಅಕ್ಟೋಬರ್ 12

ತಮ್ಮನಿಗೆ,

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಆಮೇಲೆ ನಗು ಬಂತು. ಯಾಕೆಂದು ಹೇಳುತ್ತೇನೆ.

ಕಳೆದ ವರ್ಷದ ಆರನೇ ತರಗತಿಯ ಫೋಟೋ ಮಸುಕಾಗಿ ಕಂಡದ್ದು ನಿಜ. ನನ್ನ ಕನ್ನಡಕವೇ ಕೆಟ್ಟಿತು ಅಂದುಕೊಂಡೆ. ಕನ್ನಡಕದಂಗಡಿಗೆ ಆ ಫೋಟೋವನ್ನೇ ತೆಗೆದುಕೊಂಡು ಹೋಗಿ, ಇದು ಸ್ಪಷ್ಟವಾಗಿ ಕಾಣುವಂಥ ಗಾಜು ಕೊಡಿ ಎಂದು ಕೂತೆ. ಅವನು ಹಾಕಿದ, ತೆಗೆದ, ಹಾಕಿದ, ಕೊನೆಗೆ ಯಾವುದೋ ಒಂದರಲ್ಲಿ ಮಕ್ಕಳ ಮೂಗು ಸ್ವಲ್ಪ ಎದ್ದು ಬಂತು. ಅದನ್ನೇ ಮಾಡಿಸಿಕೊಂಡೆ. ಒಂದು ವರ್ಷದಿಂದ ನಿನ್ನ ಆ ಫೋಟೋ ಒಂದನ್ನು ಬಿಟ್ಟು ಪ್ರಪಂಚದಲ್ಲಿ ಬೇರೇನೂ ನನಗೆ ಸರಿಯಾಗಿ ಕಾಣುತ್ತಿಲ್ಲ. ಮೆಟ್ಟಿಲು ಎರಡೆರಡು ಕಾಣುತ್ತವೆ. ಯಾರಿಗೂ ಹೇಳಿರಲಿಲ್ಲ.

ಅಂದರೆ ನಿನ್ನ ಕಣ್ಣಿನ ವಿಷಯ ನನಗೆ ಗೊತ್ತೇ ಇರಲಿಲ್ಲ.

ನಿಜವಾದ ಕಾರಣ ಬೇರೆ. ಜುಲೈನಲ್ಲಿ ಸಮಿತಿಗೆ ಒಂದು ಹೆಸರಿಲ್ಲದ ಪತ್ರ ಬಂತು. ಶಾಲೆಯ ಕೆಲಸವನ್ನು ಮುಖ್ಯೋಪಾಧ್ಯಾಯಿನಿ ತನ್ನ ತಮ್ಮನಿಗೇ ಕೊಡುತ್ತಾರೆ ಎಂದು. ನಾನು ಈ ಕುರ್ಚಿಗೆ ಬರುವ ಮೊದಲು ಹದಿನೇಳು ವರ್ಷ ನೀನೇ ತೆಗೆಯುತ್ತಿದ್ದೆ ಎಂಬುದು ಅದರಲ್ಲಿರಲಿಲ್ಲ. ಅಧ್ಯಕ್ಷರು ಅದನ್ನು ಎಲ್ಲರೆದುರು ಓದಿದರು. ನಿನ್ನ ಹೆಸರು ಇನ್ನೊಂದು ಸಲ ಅವರ ಬಾಯಲ್ಲಿ ಬರುವುದು ಬೇಡವೆಂದು, ಗುಂಪು ಫೋಟೋವನ್ನೇ ಕೈಬಿಡೋಣ ಎಂದು ನಾನೇ ಹೇಳಿದೆ. ಹಿಂದಿನ ಸಂಜೆ ನಿನಗೆ ತಿಳಿಸಲೆಂದೇ ಬಂದೆ. ನೀನು ಹನ್ನೆರಡು ಬಾಚಣಿಗೆಗಳನ್ನು ತೊಳೆದು ಬಟ್ಟೆಯ ಮೇಲೆ ಸಾಲಾಗಿ ಒಣಗಲು ಇಟ್ಟಿದ್ದೆ. ಮೊಣಕಾಲು ವಿಚಾರಿಸಿ ಬಂದೆ.

ಇನ್ನೂ ಒಂದು ಹೇಳಿಬಿಡುತ್ತೇನೆ. ಅಮ್ಮ ಗೋಡೆಗೆ ಹಾಕಿಸಿದ್ದ ನನ್ನ ಏಳನೇ ತರಗತಿಯ ಗುಂಪು ಫೋಟೋ ನೆನಪಿದೆಯಲ್ಲ. ಅದರಲ್ಲಿ ನಾನಿಲ್ಲ. ಆ ದಿನ ನಿನಗೆ ಮಂಗಬಾವು. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋದರು, ನಿನ್ನನ್ನು ನೋಡಿಕೊಳ್ಳಲು ನಾನು ಉಳಿದೆ. ಶಾಲೆಯ ಗುಮಾಸ್ತರು ಹಾಜರಿ ಪುಸ್ತಕ ನೋಡಿ ಹೆಸರು ಅಚ್ಚು ಹಾಕಿಸಿದರು. ಹತ್ತು ಹುಡುಗಿಯರು, ಹನ್ನೊಂದು ಹೆಸರು. ನನ್ನದು ನಾಲ್ಕನೆಯದು. ಅಲ್ಲಿಂದ ಮುಂದೆ ಎಲ್ಲರ ಹೆಸರೂ ಒಂದೊಂದು ಸ್ಥಾನ ಜಾರಿ, ಕೊನೆಯ ಹುಡುಗಿಯ ಹೆಸರು ಡ್ರಿಲ್ ಮೇಷ್ಟ್ರ ಕೆಳಗೆ ಬಿತ್ತು. ಹೆಸರಾದರೂ ಇದೆಯಲ್ಲ ಎಂದು ಅಮ್ಮ ಕಟ್ಟು ಹಾಕಿಸಿದಳು. ನೀನು ಹೊಸದಾಗಿ ಮದುವೆಯಾದಾಗ ನಿನ್ನ ಹೆಂಡತಿಗೆ ನನ್ನ ಹೆಸರಿನ ಮೇಲೆ ನಿಂತ ಮೆಳ್ಳೆಗಣ್ಣಿನ ಹುಡುಗಿಯನ್ನು ತೋರಿಸಿ, "ನಮ್ಮಕ್ಕ ಚಿಕ್ಕವಳಿದ್ದಾಗ" ಎಂದೆ. ನಿನ್ನ ಹೆಂಡತಿ ನನ್ನ ಕಣ್ಣುಗಳನ್ನು ನೋಡಿ, "ಈಗ ಸರಿಹೋಗಿದೆ ಅಲ್ವಾ" ಎಂದಳು. ಹೌದು ಅಂದೆ.

ಶನಿವಾರ ಸಮಿತಿಯ ಸಭೆ ಇದೆ. ಫೋಟೋ ಮತ್ತೆ ಶುರುವಾಗಬೇಕು ಎಂದು ಕೇಳುತ್ತೇನೆ. ಅವರು ಏನು ಷರತ್ತು ಹಾಕುತ್ತಾರೋ ನನಗೆ ಗೊತ್ತು, ನಿನಗೂ ಗೊತ್ತು. ಕೇಳಲೋ ಬೇಡವೋ ಹೇಳು.

ಅಕ್ಕ


ಅಕ್ಟೋಬರ್ 14

ಅಕ್ಕ,

ಕೇಳು.

ಮೊದಲು ಆ ಕನ್ನಡಕ ತೆಗೆದಿಡು. ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದುಕೋ. ನಿನ್ನ ಏಳನೇ ತರಗತಿಯ ಫೋಟೋ ತೆಗೆದು ಹುಡುಗಿಯರನ್ನು ಎಣಿಸಿದೆ, ಹತ್ತೇ ಮಂದಿ. ಹೆಂಡತಿ ನಿನ್ನೆಯಿಂದ ನಿನಗೆ ಕ್ಷಮೆ ಕೇಳಬೇಕು ಎನ್ನುತ್ತಿದ್ದಾಳೆ.

ತಮ್ಮ


ಅಕ್ಟೋಬರ್ 22

ತಮ್ಮನಿಗೆ,

ಸಭೆ ಆಯಿತು. ನಾನು ಭಾಷಣ ಮಾಡಲಿಲ್ಲ. ಐದನೇ ತರಗತಿಯ ಆ ಪ್ರಿಂಟನ್ನು ಮೇಜಿನ ಮೇಲೆ ಹರಡಿ, ಏಳು ಬಿಲ್ಲೆಗಳ ಮೇಲೆ ಏಳು ಹೆಸರು ಬರೆದ ಚೀಟಿ ಇಟ್ಟೆ. ಅಧ್ಯಕ್ಷರು ಮೊದಲು ಹುಡುಕಿದ್ದು ತಮ್ಮನ್ನು. ಸಿಕ್ಕರು. ಕಂಪ್ಯೂಟರು ಅವರ ತಲೆಗೆ ಸೊಂಪಾಗಿ ಕೂದಲು ಬೆಳೆಸಿತ್ತು. ಅದು ಅವರಿಗೆ ಇಷ್ಟವಾಗಿಬಿಟ್ಟೀತೆಂದು ಭಯಪಟ್ಟೆ. ಆದರೆ ಅವರು ಚೀಟಿಗಳನ್ನು ಒಂದೊಂದಾಗಿ ಓದಿ, ಕನ್ನಡಕ ಒರೆಸಿಕೊಂಡು, "ಇದು ಸರಿಯಿಲ್ಲ ಮೇಡಂ" ಎಂದರು. ಅಷ್ಟೇ ಸಾಕಾಯಿತು.

ನವೆಂಬರ್ 17ಕ್ಕೆ ಫೋಟೋ. ಷರತ್ತು ನೀನು ಊಹಿಸಿದ್ದೇ. ಸಿಬ್ಬಂದಿಯ ಸಂಬಂಧಿಕರಿಗೆ ಕೆಲಸ ಕೊಡುವಂತಿಲ್ಲ. ಎದುರು ರಸ್ತೆಯ ಹೊಸ ಸ್ಟುಡಿಯೋದ ಹುಡುಗಿಗೆ ಕೊಟ್ಟಿದ್ದಾರೆ.

ಬೇಜಾರು ಮಾಡಿಕೊಳ್ಳಬೇಡ ಎಂದು ಬರೆಯುವುದಿಲ್ಲ. ಮಾಡಿಕೋ. ಆದರೆ ಊಟ ಬಿಡಬೇಡ.

ಅಕ್ಕ


ಅಕ್ಟೋಬರ್ 29

ಅಕ್ಕನಿಗೆ,

ನನಗೇನೂ ಬೇಜಾರಿಲ್ಲ. ಫೋಟೋ ಮುಖ್ಯ, ತೆಗೆಯುವವರಲ್ಲ ಎಂದು ಆಗಸ್ಟಿನಿಂದ ವಾದ ಮಾಡಿದವನು ನಾನೇ. ಆ ಹುಡುಗಿಗೆ ನಾನು ಹೇಳಬೇಕಾದ್ದು ಏನೂ ಇಲ್ಲ. ಅವಳಿಗೆ ಅವಳ ಕೆಲಸ ಗೊತ್ತಿರುತ್ತದೆ.

ಒಂದು ಮಾತ್ರ ಹೇಳಿಬಿಡು. ಮಕ್ಕಳನ್ನು ಬಿಸಿಲಿಗೆ ಮುಖ ಮಾಡಿ ನಿಲ್ಲಿಸಿದರೆ ಎಲ್ಲರೂ ಹುಳಿ ಕಚ್ಚಿದ ಹಾಗೆ ಬರುತ್ತಾರೆ, ಮರದ ನೆರಳು ಹತ್ತೂವರೆಗೆ ಬೆಂಚಿನ ಮೇಲೆ ಬರುತ್ತದೆ, ಅದಕ್ಕೂ ಮೊದಲು ಬೇಡ. ಹಿಂದಿನ ಸಾಲಿನ ಬೆಂಚಿನ ಎಡಗಾಲು ಮೋಟು, ಕೆಳಗೆ ಇಟ್ಟಿಗೆ ಚೂರು ಇಡಬೇಕು. ಚೂರು ನೀರಿನ ತೊಟ್ಟಿಯ ಹಿಂದಿದೆ. "ನಗಿ" ಎಂದು ಹೇಳಬಾರದು, ಹೇಳಿದರೆ ಹಲ್ಲು ಕಿಸಿಯುತ್ತಾರೆ. "ಯಾರೂ ನಗಬಾರದು" ಎಂದು ಗಂಭೀರವಾಗಿ ಹೇಳಬೇಕು. ಏಳನೆಯ ತರಗತಿಯವರು ಹಿಂದಿನಿಂದ ಒಬ್ಬರ ತಲೆಗೆ ಒಬ್ಬರು ಕೊಂಬು ಹಿಡಿಯುತ್ತಾರೆ, ಎಲ್ಲರ ಕೈಯೂ ಬೆನ್ನ ಹಿಂದೆ. ಜೋಡಿ ಸ್ನೇಹಿತರನ್ನು ಬೇರೆ ಮಾಡಬಾರದು, ಮಾಡಿದರೆ ಇಬ್ಬರೂ ಕತ್ತು ತಿರುಗಿಸಿ ಪರಸ್ಪರ ನೋಡುತ್ತಾರೆ. ಅಧ್ಯಕ್ಷರು ಕಾಲ ಮೇಲೆ ಕಾಲು ಹಾಕುತ್ತಾರೆ, ಕಾಲುಚೀಲ ತೂತಿರುತ್ತದೆ.

ನನಗೆ ನವೆಂಬರ್ 10ಕ್ಕೆ ಕಣ್ಣಿನ ಆಪರೇಷನ್. ಭಯವೇನಿಲ್ಲ. ಬಾಚಣಿಗೆಗಳನ್ನು ಹೆಂಡತಿಯ ಕೈಯಲ್ಲಿ ಕಳಿಸಿದ್ದೇನೆ. ಆ ಹುಡುಗಿಗೆ ಕೊಡು. ಯಾರು ಕೊಟ್ಟರೆಂದು ಹೇಳಬೇಡ.

ತಮ್ಮ


ನವೆಂಬರ್ 18

ತಮ್ಮನಿಗೆ,

ಕಣ್ಣಿಗೆ ಶ್ರಮ ಕೊಡಬೇಡ, ಇದನ್ನು ನಿನ್ನ ಹೆಂಡತಿಯಿಂದಲೇ ಓದಿಸಿಕೋ.

ನಿನ್ನೆ ಫೋಟೋ ಆಯಿತು. ಐದನೇ ತರಗತಿಯದೊಂದು ಬಿಟ್ಟು. ಬಿಲ್ಲೆಗಳಲ್ಲಿ ಆರು ಮಂದಿ ತಲೆ ಬಾಚಿಕೊಂಡು ಮುಂಚಿತವಾಗಿಯೇ ಬಂದಿದ್ದರು. ಏಳನೆಯವಳು, ಗುಬ್ಬಿ, ಬಂದಿರಲಿಲ್ಲ. ಜ್ವರ ಎಂದು ಪಕ್ಕದ ಮನೆಯ ಹುಡುಗಿ ಚೀಟಿ ತಂದಳು. ಮಕ್ಕಳು ಬೆಂಚಿನ ಮೇಲೆ ನಿಂತಾಗಿತ್ತು. ಅಧ್ಯಕ್ಷರು ನಡುವಿನ ಕುರ್ಚಿಯಲ್ಲಿ ಕೂತಾಗಿತ್ತು. ಸ್ಟುಡಿಯೋ ಹುಡುಗಿ ಬಂದು ಮೆಲ್ಲಗೆ, "ಪರವಾಗಿಲ್ಲ ಮೇಡಂ, ಅವಳು ಬಂದ ಮೇಲೆ ಒಬ್ಬಳದೇ ತೆಗೆದು ಆಮೇಲೆ ಸೇರಿಸ್ಕೊಡ್ತೀನಿ, ಗೊತ್ತೇ ಆಗಲ್ಲ" ಎಂದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು.

ಬೆಂಚಿನಿಂದ ಎಲ್ಲರೂ ಇಳಿಯಿರಿ ಎಂದೆ. ಅಧ್ಯಕ್ಷರಿಗೂ ಏಳಿ ಎಂದೆ. ಅವರು ಕೋಟು ಇಸ್ತ್ರಿ ಮಾಡಿಸಿಕೊಂಡು ಬಂದಿದ್ದರು. ಒಬ್ಬ ಹುಡುಗಿಗಾಗಿ ನಲವತ್ತೊಂದು ಮಂದಿಯನ್ನು ಕಾಯಿಸುತ್ತೀರಾ ಎಂದು ಕೇಳಿದರು. ಹೌದು ಎಂದೆ. ಜ್ವರ ಬಿಡದಿದ್ದರೆ ಎಂದರು. ಬಿಡುವವರೆಗೆ ಎಂದೆ. ನನ್ನ ದನಿ ಅಷ್ಟು ದೊಡ್ಡದಾಗಿ ಬಂದದ್ದು ನನಗೇ ಗೊತ್ತಾಗಲಿಲ್ಲ. ಪಕ್ಕದ ತರಗತಿಯಲ್ಲಿ ಮಗ್ಗಿ ಹೇಳುತ್ತಿದ್ದ ಮಕ್ಕಳು ನಿಲ್ಲಿಸಿಬಿಟ್ಟರು. ಸಮಿತಿಯಿಂದ ಒಂದು ಪತ್ರ ಬರುತ್ತದೆ, ಬರಲಿ.

ಅಕ್ಕ


ಡಿಸೆಂಬರ್ 1

ಅಕ್ಕನಿಗೆ,

ಇದನ್ನು ನಾನೇ ಬರೆಯುತ್ತಿದ್ದೇನೆ, ನನ್ನ ಕಣ್ಣಿನಿಂದಲೇ ನೋಡಿಕೊಂಡು. ಬಲಗಣ್ಣಿಗೆ ಈಗ ಇರುವೆಯ ಕಾಲೂ ಕಾಣುತ್ತದೆ.

ಶುಕ್ರವಾರ ಐದನೇ ತರಗತಿಯ ಫೋಟೋಗೆ ನಾನು ಬಂದದ್ದನ್ನು ನೀನು ನೋಡಿದೆ. ಕಪ್ಪು ಕನ್ನಡಕ ಹಾಕಿದ್ದರಿಂದ ಗುರುತು ಸಿಗುವುದಿಲ್ಲ ಎಂದುಕೊಂಡಿದ್ದೆ. ಕಾವಲುಗಾರ ಪೂರ್ತಿ ಗೇಟು ತೆರೆದ. ಮರದ ಕೆಳಗೆ ನಿಂತು ಏನೂ ಮಾತಾಡಬಾರದೆಂದು ಹನ್ನೊಂದು ನಿಮಿಷ ತಡೆದೆ. ಗಡಿಯಾರ ನೋಡಿಕೊಂಡೇ ತಡೆದೆ. ಆ ಹುಡುಗಿ ಎತ್ತರದ ಇಬ್ಬರನ್ನು ಮುಂದೆ ಕೂರಿಸಿದಳು. ಆಗ ನನ್ನ ಬಾಯಿಂದ "ಎತ್ತರದವರು ಹಿಂದೆ" ಎಂದು ಬಂದುಬಿಟ್ಟಿತು, ಅದೂ ಮೆಲ್ಲಗೆ. ಇಡೀ ತರಗತಿ ತಾನಾಗಿಯೇ ಎದ್ದು, ಯಾರೂ ಯಾರನ್ನೂ ತಳ್ಳದೆ, ಅರ್ಧ ನಿಮಿಷದಲ್ಲಿ ಸಾಲಾಗಿ ನಿಂತಿತು. ಆ ಹುಡುಗಿ ನನ್ನ ಕಡೆ ತಿರುಗಿ, "ಬಾಚಣಿಗೆ ನೀವೇ ಕಳಿಸಿದ್ದಲ್ವಾ ಸರ್?" ಎಂದಳು. ನೀನು ಹೇಳಿದ್ದೀ. ಇರಲಿ.

ಆದರೆ ನನಗೆ ಅನ್ನಿಸಿದ್ದು ಇದು. ಮೂವತ್ತೊಂದು ವರ್ಷದಲ್ಲಿ ನಾನು ಒಬ್ಬ ಗೈರುಹಾಜರಿ ಮಗುವಿಗಾಗಿಯೂ ಕಾದಿಲ್ಲ. ಕೆಳಗೆ "ಗೈರು" ಎಂದು ಅಚ್ಚು ಹಾಕಿಸಿ ಮುಂದೆ ಹೋಗಿದ್ದೇನೆ. ಅಂಥವರು ಎಷ್ಟು ಮಂದಿಯೋ, ನೆನಪೂ ಇಲ್ಲ. ಗುಂಪು ಫೋಟೋದ ನ್ಯಾಯ ಅನ್ಯಾಯದ ಬಗ್ಗೆ ನಿನಗೆ ಉದ್ದುದ್ದ ಬರೆದವನು ನಾನು.

ನಿನ್ನೆ ಅವಳ ಸ್ಟುಡಿಯೋಗೆ ಹೋಗಿ ದೊಡ್ಡ ಪರದೆಯಲ್ಲಿ ಫೋಟೋ ನೋಡಿದೆ. ಚೆನ್ನಾಗಿದೆ. ನಾನು ಗುಬ್ಬಿಯನ್ನು ಹುಡುಕಿದೆ, ಮುಂದಿನ ಸಾಲಿನಲ್ಲಿ ಕೊರಳುಪಟ್ಟಿ ಒಂದು ಕಡೆ ಎದ್ದುಕೊಂಡು ಕೂತಿದ್ದಾಳೆ. ಆಮೇಲೆ ನಿನ್ನನ್ನು ನೋಡಿದೆ.

ಅಕ್ಕಾ, ನಿನ್ನ ತಲೆ ಪೂರ್ತಿ ಬೆಳ್ಳಗಾಗಿದೆ. ನನಗೆ ಗೊತ್ತೇ ಇರಲಿಲ್ಲ. ನಾಲ್ಕು ವರ್ಷದಿಂದ ಅದನ್ನು ಬೆಳಕಿನ ದೋಷ ಎಂದುಕೊಂಡು ಪ್ರಿಂಟು ಹಾಕುವಾಗ ಅಷ್ಟು ಜಾಗ ಕಪ್ಪು ಮಾಡುತ್ತಿದ್ದೆ. ನಾನು ಅದನ್ನೇ ನೋಡುತ್ತಿದ್ದದ್ದು ಕಂಡು ಆ ಹುಡುಗಿ, "ಮೇಡಂ ಕೂದಲು ಕಪ್ಪು ಮಾಡ್ಲಾ ಸರ್, ಒಂದು ಸೆಕೆಂಡು" ಎಂದಳು. ಬೇಡ ಅಂದೆ. ಮೇಡಂ ಬೇಜಾರು ಮಾಡ್ಕೊಳಲ್ವಾ ಎಂದು ಕೇಳಿದಳು. ಮಾಡ್ಕೋತಾರೆ, ಆದರೂ ಇರಲಿ ಅಂದೆ.

ಈ ಭಾನುವಾರ ಮನೆಗೆ ಬಾ. ಹಿಂದಿನ ಬಾಗಿಲಿಗೆ ಹೆಂಡತಿ ಬೀಗ ಹಾಕಿದ್ದಾಳೆ.

ತಮ್ಮ


ಡಿಸೆಂಬರ್ 9

ತಮ್ಮನಿಗೆ,

ಭಾನುವಾರ ನೀನು ಬಾಯಿ ತುಂಬ ಮಾತಾಡುತ್ತಿದ್ದೆ, ನನಗೆ ಹೇಳಲು ಸಂದು ಸಿಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಕೂದಲಿಗೆ ನೀನು ಕಪ್ಪು ಹಚ್ಚುತ್ತಿದ್ದದ್ದು ನನಗೆ ಮೊದಲ ವರ್ಷದಿಂದಲೇ ಗೊತ್ತು. ಚೆನ್ನಾಗಿ ಕಾಣುತ್ತಿತ್ತು, ಸುಮ್ಮನಿದ್ದೆ.

ಇಂದು ಬೆಳಿಗ್ಗೆ ಪ್ರಿಂಟು ಹಂಚುತ್ತಿದ್ದಾಗ ಗುಬ್ಬಿಯ ತಾಯಿ ಬಂದಳು. ರಾತ್ರಿ ಪಾಳಿ ಮುಗಿಸಿ ನೇರ ಬಂದಿದ್ದಳು. ಕೈಯೆಲ್ಲ ಒಗೆಯುವ ಸೋಡಾದ ನೀರಿಗೆ ಬೆಳ್ಳಗೆ ಸುಕ್ಕುಗಟ್ಟಿತ್ತು. ಐದು ವರ್ಷದಲ್ಲಿ ಅವಳು ಶಾಲೆಯ ಒಳಗೆ ಬಂದದ್ದು ಇದೇ ಮೊದಲು. ಫೋಟೋ ಕೊಟ್ಟೆ. ಮಗಳನ್ನು ಒಂದು ಕ್ಷಣ ನೋಡಿ, ಕೊರಳುಪಟ್ಟಿಯ ಮೇಲೆ ಹೆಬ್ಬೆರಳು ಆಡಿಸಿದಳು, ಸರಿಮಾಡುವ ಹಾಗೆ. ಆಮೇಲೆ ಉಳಿದವರನ್ನು ಕೇಳಲು ಶುರುಮಾಡಿದಳು. ಜೊತೆಗೆ ಊಟ ಮಾಡುವವಳು ಯಾರು, ಚೆನ್ನಾಗಿ ಚಿತ್ರ ಬಿಡಿಸುವ ಹುಡುಗ ಯಾರು, ಓಡುವುದರಲ್ಲಿ ಮೊದಲು ಬರುವವಳು ಯಾರು. ಮಗಳು ದಿನಾ ಹೇಳುವ ಹೆಸರುಗಳು, ಮುಖ ಒಂದೂ ಕಂಡದ್ದಲ್ಲ. ನಾನು ಒಬ್ಬೊಬ್ಬರನ್ನೇ ತೋರಿಸಿದೆ.

ಕೊನೆಗೆ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ, "ಟೀಚರ್, ಇವರಲ್ಲಿ ನಮ್ಮವಳ ಪೆನ್ಸಿಲ್ ಕದಿಯೋಳು ಯಾರು?" ಎಂದು ಕೇಳಿದಳು.

ನನಗೆ ಗೊತ್ತಿತ್ತು. ಹೇಳಬಾರದಿತ್ತು. ತೋರಿಸಿದೆ. ಎರಡನೇ ಸಾಲು, ಬಲಗಡೆಯಿಂದ ಮೂರನೆಯವಳು. ಅವಳು ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು, ತನ್ನ ಮಗಳನ್ನು ನೋಡಿದ್ದಕ್ಕಿಂತ ಹೆಚ್ಚು ಹೊತ್ತು ಆ ಹುಡುಗಿಯನ್ನು ನೋಡಿದಳು.

"ಅಯ್ಯೋ, ಎಷ್ಟು ಸಣ್ಣಗಿದೆ ಮಗು" ಎಂದಳು. ಫೋಟೋವನ್ನು ಸೆರಗಿನಲ್ಲಿ ಸುತ್ತಿಕೊಂಡು ಬಾಗಿಲವರೆಗೆ ಹೋದವಳು ತಿರುಗಿ ನಿಂತು ಹೇಳಿದಳು: "ಏನೂ ಬೈಬೇಡಿ ಟೀಚರ್. ನಾಳೆಯಿಂದ ಎರಡು ಪೆನ್ಸಿಲ್ ಕೊಟ್ಟು ಕಳಿಸ್ತೀನಿ."

ನಿನ್ನ ಅಕ್ಕ